ಗುಂಡಿಗೆ ಇಳಿಯೋ ಮೊದಲು

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಮರಗಳು ಕಡಿಮೆಯಾಗುತ್ತವೆ. ಆಮೇಲೆ ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಕಡಲೆ, ಬಿಳಿಜೋಳ, ಕುಸುಬಿ ರಾಶಿ ಮುಗಿದು, ಮುಂಗಾರಿನ ಹೆಸರು ಬಿತ್ತೋಕೆ ಇನ್ನೂ ದಿನ ಇರುವ ಮೇ ತಿಂಗಳಲ್ಲಿ ಆ ಕರಿ ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಬಿರುಕಿಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ. ಚಿಕ್ಕವರಿದ್ದಾಗ ನಾವು ಕಳೆದುಕೊಂಡ ಗೋಲಿಗಳೆಲ್ಲ ಆ ಬಿರುಕುಗಳಲ್ಲೇ ಎಲ್ಲೋ ಇವೆ.

ಕಳೆದ ಮೇನಲ್ಲಿ ಆ ದಾರಿಯಲ್ಲಿ ಊರಿಗೆ ಹೋದಾಗ ನನ್ನ ಚೀಲದಲ್ಲಿ ಆರು ಹಳದಿ ಹೆಲ್ಮೆಟ್ ಇದ್ದವು. ಫೋನಿನಲ್ಲಿ 32 ಸಾಲಿನ ಒಂದು ಎಕ್ಸೆಲ್ ಶೀಟ್ ಇತ್ತು. ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದೆ: "ಕೆಲಸಗಾರರ ಸುರಕ್ಷತೆ - ಮನೆ ಕಟ್ಟಡ".

ನಮ್ಮೂರು ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ. ಹಳೇ ಮನೆ ಮಣ್ಣಿನ ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. 2019ರ ಆಗಸ್ಟ್ ಮಳೆಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಬಂದಾಗ ಈ ಭಾಗದಲ್ಲಿ ಇಂಥ ಎಷ್ಟೋ ಮನೆಗಳು ನೆಂದು ಕೂತುಬಿಟ್ಟವು. ನಮ್ಮದು ಪೂರ್ತಿ ಬೀಳಲಿಲ್ಲ, ಹಿಂದಿನ ಕೋಣೆ ಹೋಯಿತು. ಉಳಿದಿದ್ದಕ್ಕೆ ತೇಪೆ ಹಾಕುತ್ತ ಅಪ್ಪ, ಅವ್ವ ಕೆಲವು ವರ್ಷ ತಳ್ಳಿದರು. ನನ್ನ ಸಾಲದ ಅರ್ಜಿ ಪಾಸಾದ ಮೇಲೆ ಹೊಸ ಮನೆ ಶುರುವಾಯಿತು.

ಸುರಕ್ಷತೆ ಅಂತ ನನಗೆ ಇಷ್ಟು ಗೀಳು ಯಾಕೆ ಅಂದರೆ ಅದಕ್ಕೂ 2019 ಕಾರಣ. ಆ ವರ್ಷ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 19 ಜನ ಸತ್ತರು. ದಿನಗಟ್ಟಲೆ ರಕ್ಷಣಾ ಕಾರ್ಯ ನಡೆಯಿತು. ಆಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ನಾನು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಅದನ್ನೇ ನೋಡುತ್ತ ಕೂತಿರುತ್ತಿದ್ದೆ. ಬಸ್ಸಿನಲ್ಲಿ ಎಷ್ಟೋ ಸಲ ದಾಟಿ ಹೋದ ಊರು ಅದು. ನಮ್ಮ ಮನೆ ಕಟ್ಟುವಾಗ ಒಬ್ಬರ ಉಗುರಿಗೂ ಪೆಟ್ಟಾಗಬಾರದು ಅಂತ ಅಂದುಕೊಂಡಿದ್ದೆ.

ಅದೇ ನಾನು ಮೇಸ್ತ್ರಿ ಜೊತೆ ವಾಟ್ಸಾಪ್ ಕಾಲ್‌ನಲ್ಲಿ ಚೌಕಾಸಿ ಮಾಡಿ ಕೂಲಿ ದರವನ್ನು ಚದರಡಿಗೆ 40 ರೂಪಾಯಿ ಇಳಿಸಿದ್ದೆ. 1200 ಚದರಡಿಗೆ 48,000 ಉಳೀತು ಅಂತ ಅವತ್ತು ರೂಮ್‌ಮೇಟ್‌ಗೆ ಹೇಳಿಕೊಂಡು ಖುಷಿಪಟ್ಟಿದ್ದೂ ನೆನಪಿದೆ. ಗೃಹಪ್ರವೇಶಕ್ಕೆ ಶ್ರಾವಣದ ಮುಹೂರ್ತ, ಅದರೊಳಗೆ ಮುಗಿಸಬೇಕು ಅಂತಲೂ ಮಾತು ತಗೊಂಡಿದ್ದೆ.

ಎರಿ ಮಣ್ಣಿನಲ್ಲಿ ಮನೆ ಕಟ್ಟೋದು ಬೇರೆ ಕಡೆಯಂತಲ್ಲ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಅದಕ್ಕೇ ಇಲ್ಲಿ ಕಾಲಂ ಗುಂಡಿಯನ್ನು ಎರಿ ದಾಟಿ ಕೆಳಗೆ ಗರಸು ಸಿಗುವವರೆಗೂ ಅಗಿಯುತ್ತಾರೆ. ನಮ್ಮ ಜಾಗದಲ್ಲಿ ಗರಸು ಸಿಕ್ಕಿದ್ದು ಏಳು ಅಡಿಗೆ. ಕುಡಿಯೋ ನೀರಿನ ತೊಟ್ಟಿಗೆ ತೆಗೆದ ಗುಂಡಿ ಒಂಬತ್ತು ಅಡಿ. ಜೆಸಿಬಿ ಅಗೆದು ಹೋಗುತ್ತದೆ. ಆಮೇಲೆ ತಳ ಸಮ ಮಾಡೋಕೆ, ಕಬ್ಬಿಣ ಕಟ್ಟೋಕೆ ಮನುಷ್ಯರೇ ಇಳಿಯಬೇಕು.

ನಾನು ಹೋದ ದಿನ ಗುಂಡಿಯ ಗೋಡೆಗಳು ಚಾಕುವಿನಲ್ಲಿ ಕೊಯ್ದಂತೆ ನೇರವಾಗಿ ನಿಂತಿದ್ದವು. ಒಳಗೆ ಇಬ್ಬರು ತಳ ಸಮ ಮಾಡುತ್ತಿದ್ದರು. ತೆಗೆದ ಮಣ್ಣನ್ನೆಲ್ಲ ಅಂಚಿನ ಮೇಲೇ ಗುಡ್ಡೆ ಹಾಕಿದ್ದರು. ನಾನು ಫೋನ್ ತೆಗೆದು ಒಂದೊಂದೇ ಸಾಲು ತುಂಬುತ್ತ ಹೋದೆ. ಹೆಲ್ಮೆಟ್: ಈಗ ಇದೆ. ಕುಡಿಯೋ ನೀರು: ಇದೆ. ಏಣಿ: ಒಂದಿದೆ, ಒಂದು ಮೆಟ್ಟಿಲು ಸಡಿಲ. ಕರೆಂಟಿನ ವೈರು: ಪ್ಲಗ್ ಇಲ್ಲ, ಬರೀ ತಂತಿಯ ತುದಿಯನ್ನು ಕಡ್ಡಿ ಚುಚ್ಚಿ ಸಿಗಿಸಿದ್ದಾರೆ.

ಹದಿನಾಲ್ಕನೇ ಸಾಲು: "ಐದು ಅಡಿಗಿಂತ ಆಳದ ಗುಂಡಿಗೆ ಆಸರೆ ಅಥವಾ ಇಳಿಜಾರು ಇದೆಯೇ?"

"ಇಲ್ಲ" ಅಂತ ಬರೆದೆ. ಆ ಚೌಕಕ್ಕೆ ಕೆಂಪು ಬಣ್ಣ ಹಾಕಿದೆ. ಹದಿನೈದನೇ ಸಾಲಿಗೆ ಹೋದೆ.

ಇದನ್ನು ಈಗ ಬರೆಯುವಾಗ ಕೈ ತಡೆಯುತ್ತದೆ. ಕೆಂಪು ಬಣ್ಣ ಹಾಕಿದ ಆ ಕ್ಷಣದಲ್ಲೂ ಇಬ್ಬರು ಒಂಬತ್ತು ಅಡಿ ಕೆಳಗಿದ್ದರು. ಆಫೀಸಿನಲ್ಲಿ ಕೆಂಪು ಸಾಲು ಅಂದರೆ ಸೋಮವಾರದ ಮೀಟಿಂಗ್‌ಗೆ ಒಂದು ವಿಷಯ. ಅದೇ ರೂಢಿಯಲ್ಲಿ ನಾನಿದ್ದೆ.

ಮೇಸ್ತ್ರಿಗೆ ಐವತ್ತು ದಾಟಿದ ವಯಸ್ಸು. ನಾನು ಕಾಕಾ ಅಂತ ಕರೆಯೋದು. ನನ್ನ ಫೋನಿನ ಕಡೆ ನೋಡಿ ನಕ್ಕರು. "ಏನ್ ಇಂಜಿನಿಯರ್ ಸಾಹೇಬ್ರ, ನಾವು ಪಾಸೋ ಫೇಲೋ?"

"ಗುಂಡಿಗೆ ಆಸರ ಇಲ್ಲಲ್ಲ ಕಾಕಾ."

"ಎರಿ ಮಣ್ಣರೀ ಇದು. ಬ್ಯಾಸಗ್ಯಾಗ ಕಲ್ಲಿದ್ದಂಗ. ಒಂದ್ ದೊಡ್ಡ ಮಳಿ ಬಿದ್ರ ಬೆಣ್ಣಿ."

ಮಳೆ ಅವತ್ತೇ ರಾತ್ರಿ ಬಂತು.

ಬೆಳಗ್ಗೆ ಎಂಟಕ್ಕೆ ಎಲ್ಲರೂ ಬಂದರು. ಗುಂಡಿಯ ತಳದಲ್ಲಿ ಪಾದ ಮುಳುಗುವಷ್ಟು ನೀರು. ಮೋಟರ್ ಹಚ್ಚಿ ಹೊರಗೆ ಹಾಕಿದರು. ಮಧ್ಯಾಹ್ನಕ್ಕೆ ಕಾಂಕ್ರೀಟ್ ಮಿಕ್ಸರ್ ಬರೋದಿತ್ತು, ಅಡ್ವಾನ್ಸ್ ಕೊಟ್ಟಾಗಿತ್ತು. ಬುಟ್ಟಿ ಹೊರುವ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು, ಎಲ್ಲರೂ ದೊಡ್ಡವ್ವ ಅಂತ ಕರೆಯೋದು. ಸುಗ್ಗಿ ಇದ್ದಾಗ ಹೊಲ, ಇಲ್ಲದಾಗ ಕಟ್ಟಡ. ಅವಳು ಗುಂಡಿಯ ಹತ್ತಿರ ಬಂದವಳು ಬುಟ್ಟಿ ಕೆಳಗಿಟ್ಟು ಅಂಚಿನಿಂದ ಒಂದು ಮೊಳ ಆಚೆ ಬೆರಳು ತೋರಿಸಿದಳು.

"ಈ ಬಿರುಕು ನಿನ್ನಿ ಇದ್ದಿದ್ದಿಲ್ಲ."

ನನಗೆ ನಗು ಬಂತು. ಸುತ್ತಮುತ್ತ ಎಲ್ಲಿ ನೋಡಿದರೂ ಬಿರುಕೇ. ಯಾವುದು ನಿನ್ನೆಯದು, ಯಾವುದು ಇವತ್ತಿನದು?

"ಹೊಲದ ಬಿರುಕು ಹೆಂಗ ಬೇಕಾದಂಗ ಹೊಕ್ಕಾವು ತಮ್ಮಾ. ಇದು ನೋಡು, ದಂಡಿ ಹಿಡದ ಹೊಂಟೈತಿ."

ನಿಜ. ಒಣಗಿ ಬಿಟ್ಟ ಬಿರುಕುಗಳು ಜೇಡರ ಬಲೆಯ ಹಾಗೆ ಅಡ್ಡಾದಿಡ್ಡಿ. ಇದೊಂದು ಗೆರೆ ಮಾತ್ರ ಗುಂಡಿಯ ಅಂಚಿಗೆ ಸಮನಾಗಿ ಉದ್ದಕ್ಕೆ ಓಡಿತ್ತು. ಗೋಡೆ ಒಳಗೆ ವಾಲೋಕೆ ಶುರು ಮಾಡಿದರೆ ಮೇಲೆ ಮೊದಲು ಕಾಣುವುದು ಇಂಥ ಗೆರೆಯೇ ಅಂತ ಆಮೇಲೆ ಓದಿ ತಿಳಿದುಕೊಂಡೆ. ನನ್ನ 32 ಸಾಲುಗಳಲ್ಲಿ ಅದು ಇರಲೇ ಇಲ್ಲ.

ಮೇಸ್ತ್ರಿ ಕಾಕಾ ಬಿರುಕು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಅವತ್ತು ಆಗಲಿಲ್ಲ. ನಾನು ಹೇಳಿದ್ದು ಇಷ್ಟು: "ಇನ್ನ ಎರಡ ತಾಸಿನ ಕೆಲಸ ಅಷ್ಟ ಅಲ್ಲೇನ್ ಕಾಕಾ? ಮಿಕ್ಸರ್ ಬರತೈತಿ."

ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ ಏಣಿಗೆ ಕೈ ಹಾಕಿದ.

ಆಗ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಅಪ್ಪ ಎದ್ದು ಬಂದು ಏಣಿಯನ್ನು ಮೇಲಕ್ಕೆ ಎಳೆದು ಹಾಕಿದರು. "ಯಾರೂ ಇಳಿಬ್ಯಾಡ್ರಿ. ಮಿಕ್ಸರ್ ಹೊಳ್ಳಿ ಹೋಗಲಿ." ಇಷ್ಟೇ ಹೇಳಿ ಗುಂಡಿಯ ಬಾಯಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಎಲ್ಲರ ಮುಂದೆ ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಹನ್ನೊಂದರ ಸುಮಾರಿಗೆ ಉತ್ತರದ ಗೋಡೆ ಜಾರಿತು. ದೊಡ್ಡ ಸದ್ದೇನೂ ಇಲ್ಲ. ಒದ್ದೆ ಮೂಟೆ ನೆಲಕ್ಕೆ ಬಿದ್ದ ಹಾಗೆ ಒಂದು ಶಬ್ದ. ನೋಡಿದರೆ ನಿನ್ನೆ ಇಬ್ಬರು ಕೂತು ತಳ ಸಮ ಮಾಡುತ್ತಿದ್ದ ಜಾಗದಲ್ಲಿ ಒಂದು ಟ್ರೇಲರ್ ಆಗುವಷ್ಟು ಮಣ್ಣು. ಅಂಚಿನಲ್ಲಿ ಗುಡ್ಡೆ ಹಾಕಿದ್ದ ಮಣ್ಣೂ ಅದರ ಜೊತೆಗೇ ಬಂದಿತ್ತು.

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಹೆಚ್ಚು ತೂಗುತ್ತದೆ, ಒಂದು ಸಣ್ಣ ಕಾರಿಗಿಂತ ಭಾರ. ಎದೆಯವರೆಗೆ ಹೂತರೆ ಸಾಕು, ತಲೆ ಹೊರಗಿದ್ದರೂ ಉಸಿರು ಎಳೆದುಕೊಳ್ಳೋಕೆ ಆಗೋದಿಲ್ಲ. ಅಲ್ಲಿ ನನ್ನ ಹಳದಿ ಹೆಲ್ಮೆಟ್ ಏನೂ ಮಾಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಯಾರಿಗೂ ಕೆಲಸ ಇರಲಿಲ್ಲ. ಅವ್ವ ಎಲ್ಲರಿಗೂ ರೊಟ್ಟಿ, ಝುಣಕ ಮಾಡಿದಳು. ಊಟ ಆದ ಮೇಲೆ ಅಪ್ಪ ಹಗೇವಿನ ಮಾತು ತೆಗೆದರು.

ನಮ್ಮ ಕಡೆಯ ಹಿರಿಯರಿಗೆ ಹಗೇವು ಗೊತ್ತಿರುತ್ತದೆ. ಜೋಳ ಕೂಡಿಡೋಕೆ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಸಣ್ಣದು, ಒಳಗೆ ಗಡಿಗೆಯ ಹಾಗೆ ಅಗಲ. ತಿಂಗಳುಗಟ್ಟಲೆ ಮುಚ್ಚಿದ್ದರೆ ಒಳಗಿನ ಧಾನ್ಯವೇ ಉಸಿರಾಡಿ ಗಾಳಿಯನ್ನು ಕೆಡಿಸಿಟ್ಟಿರುತ್ತದೆ. ತೆಗೆದ ಕೂಡಲೇ ಇಳಿದವರು ಅಲ್ಲೇ ಸತ್ತದ್ದುಂಟು. ಹಾಗಾಗಿ ಬಾಯಿ ತೆಗೆದು ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸೋದು. ದೀಪ ಆರಿದರೆ ಅವತ್ತು ಯಾರೂ ಇಳಿಯುವ ಹಾಗಿಲ್ಲ. (ಶೌಚದ ಗುಂಡಿಗೆ ಮಾತ್ರ ಈ ಉಪಾಯ ಮಾಡಬೇಡಿ. ಅಲ್ಲಿ ಬೆಂಕಿ ಹತ್ತುವ ಅನಿಲ ಇರುತ್ತದೆ. ಅದಕ್ಕೆ ಮನುಷ್ಯರನ್ನು ಇಳಿಸಲೇಬೇಡಿ, ಯಂತ್ರ ಕರೆಸಿ.)

"ಇನ್ನೊಂದ್ ಪದ್ಧತಿ ಇತ್ತು," ಅಂದರು ಅಪ್ಪ. "ಹಗೇವಿನ ಬಾಯಾಗ ಮಾಲಕನ ನಿಂದರಬೇಕು. ಒಳಗಿನವ ಮ್ಯಾಲ ಬರೂತನಕ ಅಲ್ಲಿಂದ ಕದಲಬಾರದು."

ಕಂದೀಲಿನ ಉಪಾಯ ನಾನು ಮೊದಲೇ ಕೇಳಿದ್ದೆ. ಮಾಲಕ ನಿಲ್ಲೋ ಮಾತು ಕೇಳಿರಲಿಲ್ಲ.

ಸಂಜೆ ಕಾಕಾನ ಹತ್ತಿರ ಒಬ್ಬರೇ ಇದ್ದಾಗ ಕೇಳಿದೆ: "ಮಳಿ ಬಿದ್ರ ಬೆಣ್ಣಿ ಅಂತ ನೀವ ಹೇಳಿದ್ರಿ. ಗುಂಡಿ ಅಗಲ ಯಾಕ ತಗೀಲಿಲ್ಲ?"

ಅವರು ಬೀಡಿ ಆರಿಸಿದರು. "ಸಿಟ್ಟಾಗಬ್ಯಾಡ್ರಿ. ನಲವತ್ತ ರೂಪಾಯಿ ಕಡಿಮಿ ಮಾಡಿಸಿದ್ರೆಲ್ಲ, ಆ ಅಗಲ ಅದರಾಗ ಇತ್ತರೀ."

ಎರಿ ಮಣ್ಣಿನ ಗುಂಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಗಲ ತೆಗೆಯಬೇಕು, ಮಣ್ಣನ್ನು ದೂರ ಸಾಗಿಸಬೇಕು, ಮಳೆ ಬಂದರೆ ಎರಡು ದಿನ ಬಿಡಬೇಕು. ಅವರ ಮೊದಲ ದರದಲ್ಲಿ ಇದೆಲ್ಲ ಇತ್ತು. ಮೇಲಿನ ಕೆಲಸಕ್ಕೆ ಕಂಬ, ಹಲಗೆಯ ಅಟ್ಟಣಿಗೆಯ ಬಾಡಿಗೆಯೂ ಇತ್ತು. ನಾನು ಬೆಂಗಳೂರಿನಲ್ಲಿ ಕೂತು "ಉಳಿಸಿದ" ಹಣ ಸಿಮೆಂಟಿನಿಂದ ಉಳಿದಿರಲಿಲ್ಲ, ಕಬ್ಬಿಣದಿಂದಲೂ ಉಳಿದಿರಲಿಲ್ಲ. ಬೆಳಗ್ಗೆ ಅವರು ನನ್ನ ಮುಖ ನೋಡಿದ್ದರ ಅರ್ಥ ಆಗ ಆಯಿತು. ಕೆಲಸ ನಿಂತರೆ ನಷ್ಟ ಅವರದು. ನಿಲ್ಲಿಸಿ ಅಂತ ನಾನು ಹೇಳಿದರೆ ಮಾತ್ರ ಅದು ನನ್ನದು. ಅವರು ಕಾಯುತ್ತಿದ್ದದ್ದು ಆ ಒಂದು ಮಾತಿಗೆ.

ಟೊಯೊಟಾ ಕಾರ್ಖಾನೆಯಲ್ಲಿ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದಾದ ಹಗ್ಗ ಇರುತ್ತದೆ, ಎಳೆದರೆ ಉತ್ಪಾದನೆಯ ಸಾಲೇ ನಿಲ್ಲುತ್ತದೆ ಅನ್ನೋದು ನಮ್ಮ ಸಾಫ್ಟ್‌ವೇರ್ ಟ್ರೇನಿಂಗ್‌ಗಳಲ್ಲಿ ಮೇಲಿಂದ ಮೇಲೆ ಬರುವ ಕಥೆ. ನಮ್ಮ ತಂಡದಲ್ಲೂ ನಿನ್ನೆ ಸೇರಿದ ಹುಡುಗಿ ಸಹ ನನ್ನ ಕೋಡ್ ತಡೆಯಬಹುದು. ತಡೆದರೆ ಅವಳ ಸಂಬಳ ಕಟ್ ಆಗೋದಿಲ್ಲ. ದೊಡ್ಡವ್ವನಿಗೆ ಬಿರುಕು ಕಂಡಿತ್ತು, ಬಾಯಿ ಬಿಟ್ಟು ಹೇಳಿಯೂ ಹೇಳಿದಳು. ಎಳೆಯೋಕೆ ಹಗ್ಗ ಇರಲಿಲ್ಲ. ಕೆಲಸ ನಿಂತರೆ ಅವತ್ತಿನ ಕೂಲಿ ಹೋಗುತ್ತಿತ್ತು.

ಕಾನೂನಿನ ಕೈ ಇಲ್ಲಿಗೆ ಬರುತ್ತಾ ಅಂತ ರಾತ್ರಿ ಹುಡುಕಿದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಳಿಗೆ ಅಂತ ಬರೆದದ್ದು. ಹತ್ತು ಲಕ್ಷ ಮೀರದ ಸ್ವಂತ ವಾಸದ ಮನೆಯನ್ನು ಅದು ಹೊರಗಿಟ್ಟಿತ್ತು. ನಮ್ಮಲ್ಲಿ ದಿನಕ್ಕೆ ಏಳೆಂಟು ಜನ. ಹಳ್ಳಿಗಳಲ್ಲಿ ಏಳುತ್ತಿರುವ ಬಹುಪಾಲು ಮನೆಗಳ ಕಥೆ ಹೀಗೇ ಇರಬಹುದು. ಇನ್‌ಸ್ಪೆಕ್ಟರ್ ಯಾರೂ ಬರೋದಿಲ್ಲ. ಇರೋ ಒಬ್ಬನೇ ಇನ್‌ಸ್ಪೆಕ್ಟರ್ ದುಡ್ಡು ಕಳಿಸುವ ಮಗ ಅಥವಾ ಮಗಳು, ಅವರೂ ಫೋನಿನಲ್ಲಿ.

ಮರುದಿನ ಹಲಗೆ, ಹಗ್ಗ, ಪ್ಲಗ್ ತರೋಕೆ ನವಲಗುಂದಕ್ಕೆ ಹೋದೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಹೇರಿದ ಕರ ಕೊಡೋದಿಲ್ಲ ಅಂತ ಎದ್ದು ನಿಂತ ಊರು ಅದು. ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಈಗಲೂ ಪ್ರತಿ ವರ್ಷ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. ಸರ್ಕಾರಕ್ಕೇ "ಇಲ್ಲ" ಅಂದ ನೆಲದಲ್ಲಿ ನನ್ನಂಥ ಒಬ್ಬ ಮನೆ ಮಾಲೀಕನಿಗೆ "ಇಲ್ಲ" ಅನ್ನೋಕೆ ದೊಡ್ಡವ್ವನಿಗೂ ಕಾಕಾನಿಗೂ ಆಗಲಿಲ್ಲವಲ್ಲ ಅಂತ ಬಸ್ ಸ್ಟ್ಯಾಂಡಿನಲ್ಲಿ ಹಲಗೆ ಹೊತ್ತು ನಿಂತಾಗ ಅನ್ನಿಸಿತು.

ವಾಪಸ್ ಬಂದು ನಾವು ಮೂವರು ಕೂತು ಹಾಳೆಯ ಮೇಲೆ ಬರೆದೆವು. ಕಡಿಮೆ ಮಾಡಿಸಿದ 40 ರೂಪಾಯಿ ವಾಪಸ್. ಮಳೆ ಅಥವಾ ಅಪಾಯ ಅಂತ ಕೆಲಸ ನಿಂತರೆ ಆ ದಿನದ ಅರ್ಧ ಕೂಲಿ ನನ್ನದು. ನಿಲ್ಲಿಸು ಅಂತ ಯಾರು ಬೇಕಾದರೂ ಹೇಳಬಹುದು, ಕಾರಣ ಆಮೇಲೆ ಮಾತಾಡೋಣ. ಶ್ರಾವಣದ ಮುಹೂರ್ತ ಕಾರ್ತೀಕಕ್ಕೆ. ಮುಹೂರ್ತ ಮುಂದೆ ಹಾಕೋಕೆ ಅವ್ವ ಒಪ್ಪೋದಿಲ್ಲ ಅಂದುಕೊಂಡಿದ್ದೆ. ಅವಳೇ ಮೊದಲು ಹೂಂ ಅಂದಳು.

ಎರಡು ತಾಸು ಜೆಸಿಬಿ ಓಡಿಸಿ ಗುಂಡಿಯನ್ನು ಮೆಟ್ಟಿಲಾಗಿ ಅಗಲ ಮಾಡಿದೆವು. ಮಣ್ಣನ್ನು ದೂರ ಹಾಕಿಸಿದೆವು. ಏಳು ಜನರಲ್ಲಿ ಕಾರ್ಮಿಕ ಕಾರ್ಡ್ ಇದ್ದದ್ದು ಇಬ್ಬರಿಗೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು. ಉಳಿದವರ ಅರ್ಜಿ ತುಂಬೋಕೆ ನನ್ನ ಲ್ಯಾಪ್‌ಟಾಪ್ ಆ ಸಂಜೆ ಉಪಯೋಗಕ್ಕೆ ಬಂತು.

ಊರಲ್ಲಿ ಮನೆ ಕಟ್ಟಿಸುತ್ತಿರುವ ನಿಮಗೆ ಉಪಯೋಗ ಆಗಬಹುದಾದ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಂಡಿ ಐದು ಅಡಿ ದಾಟಿದರೆ ಆಸರೆ ಅಥವಾ ಇಳಿಜಾರು ಇಲ್ಲದೆ ಯಾರನ್ನೂ ಇಳಿಸಬೇಡಿ. ಮಳೆ ಬಿದ್ದ ಮರುದಿನ ಮೊದಲು ಅಂಚನ್ನು ನೋಡಿ, ದಂಡೆ ಹಿಡಿದು ಹೊರಟ ಬಿರುಕು ಇದೆಯಾ ಅಂತ. ಮೋಟರ್, ವೈಬ್ರೇಟರ್‌ಗಳ ಲೈನಿಗೆ ಪ್ಲಗ್ ಮತ್ತು 30 ಮಿಲಿಆಂಪ್‌ನ ಇಎಲ್‌ಸಿಬಿ ಹಾಕಿಸಿ, ಒದ್ದೆ ನೆಲದಲ್ಲಿ ಅದೇ ಜೀವ ಉಳಿಸೋದು. ಸ್ಲ್ಯಾಬ್ ಹಾಕಿದ ಮೇಲೆ ನಾಲ್ಕೂವರೆ ಮೀಟರ್‌ವರೆಗಿನ ಅಗಲಕ್ಕೆ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಕೆಳಗಿನ ಆಸರೆ ಕಂಬ ತೆಗೆಯಬಾರದು ಅನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಇದೆಲ್ಲಕ್ಕೂ ಮೊದಲು, ದರ ಕಡಿಮೆ ಮಾಡಿಸುವಾಗ ಏನನ್ನು ಕಡಿಮೆ ಮಾಡುತ್ತಿದ್ದೀರಿ ಅಂತ ಮೇಸ್ತ್ರಿಯನ್ನೇ ಕೇಳಿ.

ಬೆಂಗಳೂರಿಗೆ ಹೊರಟ ದಿನ ಅಣ್ಣಿಗೇರಿಯಲ್ಲಿ ಬಸ್ಸಿಗೆ ಹೊತ್ತಿತ್ತು. ಅಮೃತೇಶ್ವರ ಗುಡಿಯೊಳಗೆ ಹೋಗಿ ಕೂತೆ. 11ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಕನ್ನಡಿಯ ಹಾಗೆ ನುಣುಪಾದ ಕಂಬಗಳು. ಶಾಲೆಯ ಪ್ರವಾಸದಲ್ಲಿ ಬಂದಾಗ ಕಂಬ ಎಣಿಸಿದ್ದೆ, ಕಾಲೇಜಿನಲ್ಲಿದ್ದಾಗ ಫೋಟೋ ತೆಗೆದಿದ್ದೆ. ಈ ಸಲ ತಲೆಯಲ್ಲಿ ಬಂದದ್ದು ಒಂದೇ: ಇಷ್ಟು ಭಾರದ ಕಲ್ಲನ್ನು ಇದೇ ಎರಿ ನೆಲದ ಮೇಲೆ ಎತ್ತಿ ನಿಲ್ಲಿಸುವಾಗ ಕೆಳಗೆ ಯಾರು ನಿಂತಿದ್ದರು? ಹಗ್ಗ ಬಿಡಬೇಡ, ತಡಿ ಅಂತ ಕೂಗಿದವರು ಯಾರು?

ಜುಲೈನಲ್ಲಿ ಸ್ಲ್ಯಾಬ್ ಬಿತ್ತು. ಹತ್ತನೇ ದಿನ ಬೆಳಗ್ಗೆ, ಮೀಟಿಂಗ್ ನಡುವೆ, ಕಾಕಾ ಫೋನ್ ಮಾಡಿದರು. ಹಾಲ್ ಅಗಲ ನಾಲ್ಕೂವರೆ ಮೀಟರ್ ದಾಟಿದೆ. ಸೆಂಟ್ರಿಂಗ್ ಸಾಮಾನಿನವರು ಇವತ್ತೇ ವಾಪಸ್ ಕೊಡಿ, ಇಲ್ಲಾಂದ್ರೆ ಇನ್ನಷ್ಟು ಬಾಡಿಗೆ ಅಂತ ಹಟ ಹಿಡಿದಿದ್ದರಂತೆ.

"ಸಾಹೇಬ್ರ, ಇವತ್ತ ಬಿಚ್ಚಂಗಿಲ್ಲರಿ. ಹದಿನಾಕ ದಿನ ಆಗಲಿ. ಬಾಡಿಗಿ ನಿಮ್ಮ ಲೆಕ್ಕದಾಗ ಬರಕೊಂಡೇನಿ."

ಆಗಬಹುದಾ ಅಂತ ಅವರು ಕೇಳಲಿಲ್ಲ. ಹೂಂ ಕಾಕಾ ಅಂದೆ, ಫೋನ್ ಇಟ್ಟರು.